ಎಳೆಯರ ಗುಣಕ್ಕೆ ಅಂಕ ಹಾಕುವ ಮುನ್ನ

ತಪ್ಪು ಮಾಡಿದ ಹುಡುಗನನ್ನು ಕುರಿತು ‘ಅವನ ಗುಣವೇ ಹಾಗೆ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ಸುಲಭ. ಮನೋವಿಜ್ಞಾನವು ಆ ಗುಣವನ್ನೇ ಅಳೆಯಲು ಹೊರಟು ಬಹುಕಾಲವಾಯಿತು. ಹ್ಯಾನ್ಸ್ ಐಸೆಂಕ್ ಅವರು 1964ರಲ್ಲಿಯೇ ಬಹಿರ್ಮುಖತೆ, ಭಾವಚಾಂಚಲ್ಯಗಳಿಗೂ ಅಪರಾಧಕ್ಕೂ ಸಂಬಂಧ ಕಲ್ಪಿಸಿದ್ದರು. ಅನಂತರ ರಾಬರ್ಟ್ ಹೇರ್ ಮತ್ತು ಸಂಗಡಿಗರು 12ರಿಂದ 18 ವರ್ಷದವರಿಗಾಗಿ ರಚಿಸಿದ ಮಾಪನದಲ್ಲಿ 20 ಅಂಶಗಳಿವೆ. ಪಶ್ಚಾತ್ತಾಪದ ಅಭಾವ, ಹಿಂದುಮುಂದು ನೋಡದ ವರ್ತನೆ ಮೊದಲಾದ ಒಂದೊಂದಕ್ಕೂ 0, 1 ಅಥವಾ 2 ಅಂಕ. ತರಬೇತಿ ಪಡೆದವರು ದೀರ್ಘವಾಗಿ ಮಾತನಾಡಿಸಿ, ದಾಖಲೆಗಳೊಡನೆ ತಾಳೆ ನೋಡಿ ಅಂಕ ಕೊಡತಕ್ಕದ್ದು. ಮೊಬೈಲಿನಲ್ಲಿ ಹತ್ತು ಪ್ರಶ್ನೆ ಒತ್ತಿ ತಿಳಿಯುವ ಸಂಗತಿ ಇದಲ್ಲ.

ನಮ್ಮ ದೇಶದಲ್ಲಿ ಈ ಅಳತೆಯ ಪ್ರಶ್ನೆ ನ್ಯಾಯಪೀಠದವರೆಗೂ ಬಂದಿದೆ. 2015ರ ಬಾಲನ್ಯಾಯ ಕಾಯಿದೆಯ 15ನೆಯ ಕಲಮಿನಂತೆ, ಘೋರ ಅಪರಾಧದ ಆಪಾದನೆ ಹೊತ್ತ, 16 ವರ್ಷ ತುಂಬಿದ ಮಗುವಿನ ಮಾನಸಿಕ ಹಾಗೂ ದೈಹಿಕ ಸಾಮರ್ಥ್ಯವನ್ನೂ, ಪರಿಣಾಮದ ಅರಿವನ್ನೂ, ಕೃತ್ಯದ ಸನ್ನಿವೇಶವನ್ನೂ ಬಾಲನ್ಯಾಯ ಮಂಡಳಿಯು ಪರಿಶೀಲಿಸಬೇಕು. ವಯಸ್ಕನಂತೆ ವಿಚಾರಣೆಗೆ ಒಳಪಡಿಸಬೇಕೇ ಎಂಬುದು ಅದರಿಂದ ನಿಶ್ಚಯವಾಗುತ್ತದೆ. ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಬಲ್ಲವರಿಲ್ಲದಿದ್ದರೆ ತಜ್ಞರ ನೆರವು ಪಡೆಯಲೇಬೇಕೆಂದು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ಹೇಳಿತು. ಇದು ಉಚಿತವೇ. ಆದರೆ ತಜ್ಞರ ಅಂಕವೂ ಅಂದಿನ ಮನಃಸ್ಥಿತಿಯ ಚಿತ್ರವಷ್ಟೇ. ಆಷಾಢದಲ್ಲಿ ಎರ್ಮಾಳಿನ ಕಡಲನ್ನು ಕಂಡವರು ಅದು ವರ್ಷವಿಡೀ ಹೀಗೆಯೇ ಮೊರೆಯುವುದೆನ್ನಲಾದೀತೆ? ಹದಿಹರೆಯದಲ್ಲಿ ದಾರಿ ತಪ್ಪುವವರಲ್ಲಿ ಬಹುಮಂದಿ ಪ್ರಾಯ ಬಲಿತಂತೆ ತಾವಾಗಿ ತಿದ್ದಿಕೊಳ್ಳುತ್ತಾರೆ, ಬಾಲ್ಯದಿಂದಲೂ ಮುಂದುವರಿಯುವವರು ಕೆಲವರೇ ಎಂದು ಟೆರ್ರಿ ಮಾಫಿಟ್ ಅವರು 1993ರಲ್ಲಿ ಪ್ರತಿಪಾದಿಸಿದರು. ಈ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯವೆಂಬುದು ನಮ್ಮ ಮತ. ಅಲ್ಲದೆ, ತಂದೆಯ ಕುಡಿತ, ಮನೆಯ ಹೊಡೆತಬಡಿತ, ಅರ್ಧಕ್ಕೆ ನಿಂತ ಶಾಲೆ ಇವೆಲ್ಲ ಹುಡುಗನ ಗುಣವಲ್ಲ. ಅವನ ಪಾಲಿಗೆ ಬಂದ ಬದುಕು. ಕನ್ನದ ಮಾರಿತಂದೆಗಳು ಮೊದಲು ಕನ್ನವಿಕ್ಕುವ ಕಳ್ಳರಾಗಿದ್ದರೆಂಬುದು ಶರಣ ಪರಂಪರೆಯಲ್ಲಿ ನಡೆದುಬಂದ ಮಾತು. ಅಂದು ಯಾರಾದರೂ ಅಂಕ ಹಾಕಿದ್ದರೆ ಅವರಿಗೆ ಎಷ್ಟು ಬರುತ್ತಿತ್ತೋ!

ಹಾಗೆಂದು ಕಣ್ಣು ಮುಚ್ಚಿ ಕುಳಿತಿರಬೇಕೆಂದು ನಾವು ಹೇಳುವುದಿಲ್ಲ. ಸುಳ್ಳು, ಕಳವು, ಎಳೆಯರನ್ನೋ ಮೂಕಪ್ರಾಣಿಗಳನ್ನೋ ಹಿಂಸಿಸುವ ಚಾಳಿ ತಿಂಗಳುಗಟ್ಟಲೆ ಮುಂದುವರಿದರೆ ಸದ್ಭಕ್ತರು ನಾಚಿಕೆಯಿಂದ ಮುಚ್ಚಿಡದೆ ಮನೋವೈದ್ಯರಲ್ಲಿಗೆ ಮಗುವನ್ನು ಕರೆದೊಯ್ಯಬೇಕು. ಎರ್ಮಾಳು, ಕಾಪು ಕಡೆಯವರಿಗೆ ಮಣಿಪಾಲದ ಕಸ್ತೂರಬಾ ಆಸ್ಪತ್ರೆ ದೂರವಲ್ಲ. ಹೊರಡುವ ಮೊದಲು ಮಾತನಾಡಿ ತಿಳಿಯಬೇಕೆನಿಸಿದರೆ ‘ಟೆಲಿ ಮನಸ್’ನ ಉಚಿತ ದೂರವಾಣಿ 14416 ಇದೆ, ಕನ್ನಡದಲ್ಲಿಯೇ ಮಾತನಾಡಬಹುದು.