ದೂಳು ಅಳೆಯಬಲ್ಲವರು ಬೇಕು



ಇಳಕಲ್ ಗ್ರಾನೈಟ್‌ಗೆ ಹೊರದೇಶಗಳಲ್ಲೂ ಹೆಸರಿದೆ. ಕಲ್ಲು ಕೊರೆದು, ಉಜ್ಜಿ ಹೊಳಪು ಕೊಡುವವರ ಶ್ವಾಸಕೋಶದ ಬಗ್ಗೆ ಮಾತ್ರ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಂಡಿಲ್ಲ. ಮೂಗಿಗೆ ಟವೆಲ್ ಸುತ್ತಿಕೊಂಡು ಗ್ರೈಂಡರ್ ಹಿಡಿದವರನ್ನು ಈಗಲೂ ನೋಡುತ್ತೇವೆ. ಕಣ್ಣಿಗೆ ಕಾಣುವ ದೂಳನ್ನು ಟವೆಲ್ ತಡೆದೀತು. ಶ್ವಾಸಕೋಶದ ಆಳಕ್ಕಿಳಿದು ಸಿಲಿಕೋಸಿಸ್ ತರುವ ಸಿಲಿಕಾ ಕಣಗಳು ಕಣ್ಣಿಗೆ ಬೀಳುವುದೇ ಇಲ್ಲ. ಈ ರೋಗ ವಾಸಿಯಾಗುವಂಥದ್ದಲ್ಲ. ಎಷ್ಟೋ ಸಲ ಟಿ.ಬಿ. ಎಂದೇ ತಿಳಿದು ಮಾತ್ರೆ ಕೊಡಲಾಗುತ್ತದೆ. ರೋಗಿಯ ಕಸುಬು ಏನೆಂದು ಕೇಳಿ ಎಂದು ಇಟಲಿಯ ವೈದ್ಯ ರಾಮಜ್ಜಿನಿ 1700ರಲ್ಲೇ ಬರೆದಿದ್ದರು.

1948ರ ಕಾರ್ಖಾನೆ ಕಾಯ್ದೆ ಸಿಲಿಕೋಸಿಸ್ ಅನ್ನು ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿತ್ತು. ವರದಿ ಮಾಡಲು ಮೊದಲು ಗುರುತಿಸುವವರು ಬೇಕಲ್ಲ? ಕಾರ್ಮಿಕನ ಸೊಂಟಕ್ಕೆ ಪುಟ್ಟ ಪಂಪ್ ಕಟ್ಟಿ, ಕಾಲರ್ ಬಳಿ ಫಿಲ್ಟರ್ ಸಿಕ್ಕಿಸಿ, ಇಡೀ ಪಾಳಿಯಲ್ಲಿ ಅವನ ಉಸಿರಿಗೆ ಸಿಗುವ ದೂಳನ್ನು ಅಳೆಯುವುದೂ ಕಲಿತೇ ಮಾಡಬೇಕಾದ ಕೆಲಸ. ಕೊರೆಯುವಲ್ಲಿ ನೀರು ಹಾಯಿಸುವುದು, ದೂಳು ಏಳುವಲ್ಲೇ ಅದನ್ನು ಹೀರಿಕೊಳ್ಳುವುದು ಮೊದಲು, ಮಾಸ್ಕ್ ಕೊನೆಗೆ ಎಂಬುದನ್ನೂ ಕಲಿಸಬೇಕು. ನಮ್ಮಲ್ಲಿ ಸುರಕ್ಷತೆಯ ಪಾಠ ಬಹುತೇಕ ಹೆಲ್ಮೆಟ್, ಬೂಟುಗಳಿಗೇ ಮುಗಿಯುತ್ತದೆ.

ಬೆಂಗಳೂರಿನಲ್ಲಿ ಐಸಿಎಂಆರ್‌ನ ಪ್ರಾದೇಶಿಕ ಔದ್ಯೋಗಿಕ ಆರೋಗ್ಯ ಕೇಂದ್ರವಿದೆ. ಕಾರ್ಖಾನೆ ಇಲಾಖೆ ಅದರ ನೆರವು ಪಡೆದು ಬಾಗಲಕೋಟೆ, ಕೊಪ್ಪಳದಂಥ ಜಿಲ್ಲೆಗಳ ಪಾಲಿಟೆಕ್ನಿಕ್‌ಗಳಲ್ಲಿ ದೂಳು ಅಳೆಯುವ, ತಡೆಯುವ ಸರ್ಟಿಫಿಕೇಟ್ ಕೋರ್ಸನ್ನು ಕನ್ನಡದಲ್ಲೇ ಆರಂಭಿಸಲಿ. ಎದೆಯ ಎಕ್ಸ್‌ರೇ ನೋಡಿ ಸಿಲಿಕೋಸಿಸ್ ಗುರುತಿಸುವ ತರಬೇತಿಯನ್ನು ತಾಲ್ಲೂಕು ಆಸ್ಪತ್ರೆಗಳ ವೈದ್ಯರಿಗೂ ಕೊಡಲಿ.

– ನಿವೃತ್ತ ಐಟಿಐ ಶಿಕ್ಷಕ, ಬಾಗಲಕೋಟೆ