ಹೆಸರಿಡುವ ಮುನ್ನಿನ ದಿನಗಳು



ನಮ್ಮ ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಮನೆಗಳಲ್ಲಿ ಕೂಸು ಹುಟ್ಟಿದ ಹನ್ನೆರಡು ಇಲ್ಲವೆ ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕಿ ಹೆಸರಿಡುವ ರೂಢಿಯುಂಟು. ಬೀಗರು ನೆರೆಯುತ್ತಾರೆ, ಸೋದರತ್ತೆ ಕಿವಿಯಲ್ಲಿ ಹೆಸರು ಉಸುರುತ್ತಾಳೆ, ಗುಗ್ಗರಿ ಹಂಚುತ್ತಾರೆ. ಅಂದಿನಿಂದ ಆ ಕೂಸು ಊರಿನ ಲೆಕ್ಕಕ್ಕೆ ಸೇರುತ್ತದೆ. ಆದರೆ ಆ ದಿನ ಬರುವ ಮೊದಲೇ ತೀರಿಹೋದ ಕೂಸಿನ ಗತಿಯೇನು? ಅದಕ್ಕೆ ಹೆಸರಿಲ್ಲ. ಬೆಳಗಾಗುವುದರೊಳಗೆ ಹಿರಿಯರಿಬ್ಬರು ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬರುತ್ತಾರೆ. ಮುಂದೆ ಎಂದಾದರೂ ‘ಎಷ್ಟು ಮಕ್ಕಳವ್ವಾ?’ ಎಂದು ಕೇಳಿದರೆ ತಾಯಿ ಇದ್ದವರನ್ನಷ್ಟೇ ಎಣಿಸಿ ಹೇಳುತ್ತಾಳೆ. ಉಳಿದುದನ್ನು ಅವಳೊಬ್ಬಳೇ ಬಲ್ಲಳು.

ಆದರೆ ನಮ್ಮ ಧರ್ಮದ ನಡಾವಳಿ ಬೇರೆಯೇ ಮಾತನ್ನು ಹೇಳುತ್ತದೆ. ಹುಟ್ಟಿದ ಶಿಶುವಿಗೆ ಲಿಂಗಧಾರಣೆ ಮಾಡುವ ಸಂಪ್ರದಾಯ ನಮ್ಮದು. ಹೆಸರಿಲ್ಲದಿದ್ದರೂ ಆ ಜೀವ ಪೂರ್ಣವಾದ ಜೀವವೇ ಎಂಬುದು ಅದರ ಅರ್ಥ. ಪೂರ್ಣವೆಂದು ಒಪ್ಪಿದ ಮೇಲೆ ಅದನ್ನು ಲೆಕ್ಕದಿಂದ ಬಿಡುವ ಅಧಿಕಾರ ನಮಗಿಲ್ಲ. ಈ ತಿಂಗಳು ಎಳೆಗೂಸುಗಳ ಆರೋಗ್ಯವನ್ನು ಕುರಿತ ವೈದ್ಯಕೀಯ ಸಂಶೋಧನೆಯ ವಿಚಾರವಾಗಿ ನಾಲ್ಕು ಮಾತು ಬರೆಯಲು ಹೊರಟಿರುವುದು ಈ ಕಾರಣದಿಂದಲೇ.

೨೦೨೦ನೆಯ ವರ್ಷದ ಸರಕಾರಿ ಮಾದರಿ ನೋಂದಣಿಯಂತೆ ಭಾರತದಲ್ಲಿ ಜೀವಂತವಾಗಿ ಹುಟ್ಟಿದ ಸಾವಿರ ಕೂಸುಗಳಲ್ಲಿ ೨೮ ಕೂಸುಗಳು ವರ್ಷ ತುಂಬುವುದರೊಳಗೆ ತೀರಿಕೊಂಡವು. ಅವುಗಳಲ್ಲಿ ೨೦ ಕೂಸುಗಳು ಮೊದಲ ೨೮ ದಿನಗಳಲ್ಲಿಯೇ ಹೋದವು. ಈ ಮೊದಲ ತಿಂಗಳಿನ ಸಾವುಗಳಲ್ಲಿಯೂ ಹೆಚ್ಚಿನವು ಮೊದಲ ವಾರದಲ್ಲಿ ಸಂಭವಿಸುತ್ತವೆ. ಅಂದರೆ ಮೃತ್ಯುವು ಹೊಂಚು ಹಾಕುವ ಕಾಲ ಹೆಸರಿಡುವ ಮುನ್ನಿನ ದಿನಗಳೇ ಆಗಿವೆ.

ಈ ಮಾತನ್ನು ರೋಣದ ಒಂದು ತೊಟ್ಟಿಲ ಕಾರ್ಯದಲ್ಲಿ ಪ್ರಸ್ತಾಪಿಸಿದಾಗ ಹಿರಿಯ ತಾಯಿಯೊಬ್ಬರು, “ಅಜ್ಜಾರ, ಸಂಶೋಧನಾ ಅಂದ್ರ ನಮ್ಮ ಕೂಸಿನ ಮ್ಯಾಲೆ ಪ್ರಯೋಗ ಮಾಡೂದ ಅಲ್ಲೇನ್ರೀ?” ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ಸಮಾಧಾನವಾಗಿ ಉತ್ತರಿಸಬೇಕಾದರೆ ಮೊದಲು ತರ್ಕದ ಒಂದೆರಡು ಮಾತುಗಳನ್ನು ನೆನೆಯಬೇಕು.

ಮಠದ ಪಾಠಶಾಲೆಯಲ್ಲಿ ನಮಗೆ ಕಲಿಸಿದ ನ್ಯಾಯಗಳಲ್ಲಿ ಕಾಕತಾಳೀಯ ನ್ಯಾಯವೂ ಒಂದು. ಕಾಗೆ ಬಂದು ಕುಳಿತಿತು, ತಾಳೆಯ ಹಣ್ಣು ಬಿದ್ದಿತು. ಕಾಗೆಯಿಂದಲೇ ಹಣ್ಣು ಬಿದ್ದಿತೆಂದು ಹೇಳಲಾಗದು. ಹಾಗಾದರೆ ಕಾರಣವನ್ನು ತಿಳಿಯುವುದು ಹೇಗೆ? ಅದಕ್ಕೆ ಶಾಸ್ತ್ರಕಾರರು ಅನ್ವಯ, ವ್ಯತಿರೇಕ ಎಂಬ ಎರಡು ಕಣ್ಣುಗಳನ್ನು ಕೊಟ್ಟಿದ್ದಾರೆ. ಇದು ಇದ್ದಲ್ಲಿ ಅದೂ ಇರುವುದು ಅನ್ವಯ. ಇದು ಇಲ್ಲದಲ್ಲಿ ಅದೂ ಇಲ್ಲದಿರುವುದು ವ್ಯತಿರೇಕ. ಎರಡನ್ನೂ ನೋಡಿದವನೇ ಕಾರಣವನ್ನು ಬಲ್ಲವನು. ಇಂದಿನ ವೈದ್ಯ ಸಂಶೋಧಕರು ಮಾಡುವುದೂ ಇದನ್ನೇ. ಒಂದು ಗುಂಪಿಗೆ ಹೊಸ ಆರೈಕೆ, ಇನ್ನೊಂದು ಗುಂಪಿಗೆ ಎಂದಿನ ಆರೈಕೆ. ಯಾರು ಯಾವ ಗುಂಪಿಗೆ ಸೇರಬೇಕೆಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುತ್ತಾರೆ, ಏಕೆಂದರೆ ಆರಿಸುವವನ ಮನಸ್ಸಿನ ಒಲವು ಅದರಲ್ಲಿ ಸೇರಬಾರದು. ಬಳಿಕ ಎರಡು ಗುಂಪುಗಳಲ್ಲಿಯೂ ಒಂದು ಜೀವವನ್ನೂ ಬಿಡದೆ ಎಣಿಸುತ್ತಾರೆ.

ಈ ಕೆಲಸ ಎಲ್ಲಿಯೋ ದೂರದೇಶದಲ್ಲಿ ಮಾತ್ರ ನಡೆದುದಲ್ಲ. ನರಗುಂದದ ಪಡುವಣ ಗಡಿ ದಾಟಿದರೆ ಬೆಳಗಾವಿ ಜಿಲ್ಲೆ. ಅಲ್ಲಿ ೧೯೧೬ರಲ್ಲಿ ನಮ್ಮ ಸಮಾಜದ ಹಿರಿಯರು ಕಟ್ಟಿದ ಕೆ.ಎಲ್.ಇ. ಸಂಸ್ಥೆಯು ೧೯೬೩ರಲ್ಲಿ ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯವನ್ನು ತೆರೆಯಿತು. ಆ ಮಹಾವಿದ್ಯಾಲಯದ ಸಂಶೋಧಕರು ಹಲವು ದೇಶಗಳ ಜೊತೆಗೂಡಿದ ಒಂದು ಜಾಲದಲ್ಲಿ ಸೇರಿ, ೨೦೦೮ರಿಂದ ಆಯ್ದ ಹಳ್ಳಿಗಳ ಪ್ರತಿಯೊಬ್ಬ ಗರ್ಭಿಣಿಯ ಹೆಸರನ್ನೂ ಬರೆದುಕೊಂಡು, ಹೆರಿಗೆಯಾದ ಬಳಿಕ ೪೨ನೆಯ ದಿನದವರೆಗೆ ತಾಯಿ ಮತ್ತು ಕೂಸಿನ ಕ್ಷೇಮವನ್ನು ದಾಖಲಿಸುವ ಪದ್ಧತಿಯನ್ನು ಆರಂಭಿಸಿದರು. ಹೆಸರಿಲ್ಲದೆ ಹೋದ ಕೂಸೂ ಆ ದಾಖಲೆಯಲ್ಲಿ ಒಂದು ಸಾಲಾಗಿ ಉಳಿಯಿತು.

ಎಣಿಸುವುದರಿಂದ ಏನು ಫಲವೆಂಬುದಕ್ಕೆ ಎರಡು ನಿದರ್ಶನಗಳನ್ನು ಕೊಡುತ್ತೇವೆ.

ಮೊದಲನೆಯದು, ಸತ್ತೇ ಹುಟ್ಟಿತೆಂದು ಕೈಬಿಟ್ಟ ಕೂಸುಗಳದು. ಹುಟ್ಟಿದೊಡನೆ ಅಳದ ಕೂಸನ್ನು ಒಣಬಟ್ಟೆಯಿಂದ ಒರೆಸಿ, ಬೆನ್ನು ತಿಕ್ಕಿ, ಅಗತ್ಯವಿದ್ದರೆ ಮೊದಲ ನಿಮಿಷದೊಳಗೆ ಚೀಲದಂಥ ಸಾಧನದಿಂದ ಗಾಳಿ ಊದಿದರೆ ಎಷ್ಟೋ ಕೂಸುಗಳು ಉಸಿರು ಹಿಡಿಯುತ್ತವೆ. ಬೆಳಗಾವಿಯ ವೈದ್ಯರು ಕರ್ನಾಟಕದ ಹಳ್ಳಿಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿಯೂ ಜಿಲ್ಲಾ ಮತ್ತು ನಗರದ ಆಸ್ಪತ್ರೆಗಳಲ್ಲಿಯೂ ಹೆರಿಗೆ ಮಾಡಿಸುವ ೫೯೯ ಜನರಿಗೆ ಈ ವಿದ್ಯೆಯನ್ನು ಕಲಿಸಿ, ಕಲಿಸುವ ಮುಂಚಿನ ಮತ್ತು ನಂತರದ ಲೆಕ್ಕವನ್ನು ೨೦೧೩ರಲ್ಲಿ ಪ್ರಕಟಿಸಿದರು. ನಿರ್ಜೀವ ಜನನಗಳು ನೂರಕ್ಕೆ ೩ರಿಂದ ೨.೩ಕ್ಕೆ ಇಳಿದಿದ್ದವು. ಇಳಿದವುಗಳು ಬಹುಮಟ್ಟಿಗೆ ಹೆರಿಗೆಯ ಹೊತ್ತಿನಲ್ಲಿಯೇ ಜೀವ ಕಳೆದುಕೊಂಡವೆಂದು ಬರೆಯುತ್ತಿದ್ದ ಕೂಸುಗಳು. ಅವುಗಳಲ್ಲಿ ಎಷ್ಟೋ ಕೂಸುಗಳು ನಿಜವಾಗಿ ಸತ್ತಿರಲಿಲ್ಲ, ಉಸಿರಿಗಾಗಿ ಕಾಯುತ್ತಿದ್ದವು.

ಎರಡನೆಯದು ಇನ್ನೂ ಗಂಭೀರವಾದುದು. ದಿನ ತುಂಬದೆ ಹುಟ್ಟುವ ಕೂಸಿನ ಪುಪ್ಪುಸಗಳು ಬಲಿತಿರುವುದಿಲ್ಲ. ತಾಯಿಗೆ ಹೆರಿಗೆಗೆ ಮುನ್ನ ಸ್ಟೀರಾಯ್ಡ್ ಎಂಬ ಚುಚ್ಚುಮದ್ದನ್ನು ಕೊಟ್ಟರೆ ಅವು ಬೇಗ ಬಲಿಯುತ್ತವೆಂದು ೧೯೭೨ರಲ್ಲಿ ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ ಎಂಬ ವೈದ್ಯರು ತೋರಿಸಿಕೊಟ್ಟರು. ದೊಡ್ಡ ಆಸ್ಪತ್ರೆಗಳಲ್ಲಿ ಅದು ಅಸಂಖ್ಯ ಕೂಸುಗಳನ್ನು ಉಳಿಸಿತು. ಇಷ್ಟು ಒಳ್ಳೆಯ ಮದ್ದನ್ನು ಹಳ್ಳಿಹಳ್ಳಿಗೂ ಮುಟ್ಟಿಸಬಾರದೇಕೆ? ಯಾರಿಗಾದರೂ ಹೀಗೆಯೇ ತೋರುವುದು ಸಹಜ. ಆದರೂ ಸಂಶೋಧಕರು ಮೊದಲು ಪರೀಕ್ಷಿಸಿ ನೋಡೋಣವೆಂದರು. ೨೦೧೧ರಿಂದ ೨೦೧೪ರವರೆಗೆ ಆರು ದೇಶಗಳಲ್ಲಿ ಈ ಪರೀಕ್ಷೆ ನಡೆಯಿತು. ಭಾರತದಲ್ಲಿ ಬೆಳಗಾವಿ ಮತ್ತು ನಾಗಪುರಗಳ ಹಳ್ಳಿಗಳು ಅದರಲ್ಲಿದ್ದವು. ಸುಮಾರು ೯೮ ಸಾವಿರ ಜೀವಂತ ಜನನಗಳ ಲೆಕ್ಕ ಸಿಕ್ಕಿತು.

ಫಲಿತಾಂಶ ಎಲ್ಲರ ನಿರೀಕ್ಷೆಯನ್ನೂ ಮೀರಿದ್ದಾಗಿತ್ತು. ಮದ್ದನ್ನು ಹರಡಲು ಯತ್ನಿಸಿದ ಪ್ರದೇಶಗಳಲ್ಲಿ ಸಾವಿರಕ್ಕೆ ೨೭.೪ ಕೂಸುಗಳು ಮೊದಲ ೨೮ ದಿನಗಳಲ್ಲಿ ತೀರಿಕೊಂಡಿದ್ದವು. ಎಂದಿನ ಆರೈಕೆಯಿದ್ದ ಪ್ರದೇಶಗಳಲ್ಲಿ ೨೩.೯. ಅತಿ ಸಣ್ಣ ಕೂಸುಗಳಿಗೆ ಲಾಭವಾಗಲಿಲ್ಲ. ಒಟ್ಟಿನಲ್ಲಿ ಸಾವು ಹೆಚ್ಚಿತು. ತಾಯಂದಿರಲ್ಲಿ ನಂಜಿನ ಶಂಕೆಯೂ ಹೆಚ್ಚು ಕಂಡಿತು. ಹಳ್ಳಿಯಲ್ಲಿ ತಿಂಗಳುಗಳ ಲೆಕ್ಕ ನಿಖರವಾಗಿ ಸಿಗದು. ಮದ್ದು ಪಡೆದ ಹೆಚ್ಚಿನ ತಾಯಂದಿರು ಸಣ್ಣ ಕೂಸನ್ನು ಹಡೆಯಲೇ ಇಲ್ಲ. ಹುಟ್ಟಿದ ಸಣ್ಣ ಕೂಸನ್ನು ನೋಡಿಕೊಳ್ಳುವ ಸಜ್ಜಾದ ಆಸ್ಪತ್ರೆಯೂ ಎಲ್ಲೆಡೆ ಇರಲಿಲ್ಲ.

ಬಂಧುಗಳೇ, ಇಲ್ಲಿ ಕೊಂಚ ನಿಂತು ವಿಚಾರಿಸಬೇಕು. ಸಾವಿರಕ್ಕೆ ಮೂರೂವರೆ ಕೂಸುಗಳ ವ್ಯತ್ಯಾಸ ಯಾವ ಒಬ್ಬ ವೈದ್ಯನ ಕಣ್ಣಿಗೂ ಕಾಣಿಸುವಂಥದಲ್ಲ. ಯಾವ ಊರಿನ ಹಿರಿಯರಿಗೂ ತಿಳಿಯುವಂಥದಲ್ಲ. ಪ್ರತಿ ಕೂಸನ್ನೂ ಎಣಿಸಿದ್ದರಿಂದ ಮಾತ್ರ ಅದು ಬೆಳಕಿಗೆ ಬಂದಿತು. ಎಣಿಸದೆ ಒಳ್ಳೆಯ ಮನಸ್ಸಿನಿಂದ ಲಕ್ಷಾಂತರ ಗರ್ಭಿಣಿಯರಿಗೆ ಆ ಮದ್ದನ್ನು ಹಂಚಿದ್ದರೆ, ಹೋದ ಜೀವಗಳನ್ನು ನಾವು ‘ದೈವೇಚ್ಛೆ’ ಎಂದು ಮಣ್ಣು ಮಾಡಿ ಸುಮ್ಮನಾಗುತ್ತಿದ್ದೆವು. ಒಳ್ಳೆಯ ಉದ್ದೇಶ ಒಂದೇ ಸಾಲದು, ಅರಿವೂ ಬೇಕು.

ಹಾಗೆಂದು ಆ ಮದ್ದು ಕೆಟ್ಟದ್ದೆಂದು ತಿಳಿಯಬಾರದು. ವಿಶ್ವ ಆರೋಗ್ಯ ಸಂಸ್ಥೆಯು ಭಾರತವೂ ಸೇರಿದಂತೆ ಐದು ದೇಶಗಳ ೨೯ ಆಸ್ಪತ್ರೆಗಳಲ್ಲಿ ಮತ್ತೆ ಪರೀಕ್ಷೆ ನಡೆಸಿ ೨೦೨೦ರಲ್ಲಿ ವರದಿ ನೀಡಿತು. ತಿಂಗಳ ಲೆಕ್ಕವನ್ನು ಸರಿಯಾಗಿ ಅಳೆದು, ಆರೈಕೆಯ ಸೌಕರ್ಯವಿದ್ದಲ್ಲಿ ಕೊಟ್ಟಾಗ, ದಿನ ತುಂಬದ ಕೂಸುಗಳ ಮರಣ ನೂರಕ್ಕೆ ೨೩.೫ರಿಂದ ೧೯.೬ಕ್ಕೆ ಇಳಿಯಿತು. ಮದ್ದು ಅದೇ, ದೇಶ, ಕಾಲ, ಪಾತ್ರಗಳು ಬೇರೆ. ದಾನಕ್ಕೆ ಹೇಳುವ ಮಾತು ಔಷಧಕ್ಕೂ ಸಲ್ಲುತ್ತದೆ.

ಇನ್ನು ಗಜೇಂದ್ರಗಡದ ಮೂಡಣ ಗಡಿಯತ್ತ ನೋಡೋಣ. ಅಲ್ಲಿ ಕುಷ್ಟಗಿ, ಯಲಬುರ್ಗಾಗಳ ಕೊಪ್ಪಳ ಜಿಲ್ಲೆ. ಆ ಜಿಲ್ಲೆಯ ತಾಯಂದಿರು ಜಗತ್ತಿಗೆ ಇನ್ನೊಂದು ಪಾಠವನ್ನು ಕಲಿಸಿದ್ದಾರೆ. ೧೯೭೮ರಲ್ಲಿ ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಬೊಗೋಟಾ ನಗರದ ಆಸ್ಪತ್ರೆಯೊಂದರಲ್ಲಿ, ಸಣ್ಣ ಕೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆಗಳು ಸಾಲದೆ ಬಂದಾಗ, ಅಲ್ಲಿನ ವೈದ್ಯರು ಕೂಸನ್ನು ತಾಯಿಯ ಬರಿ ಎದೆಗೆ ಬಟ್ಟೆಯಿಂದ ಕಟ್ಟುವ ಕ್ರಮವನ್ನು ಆರಂಭಿಸಿದರು. ಕಾಂಗರೂ ಎಂಬ ಪ್ರಾಣಿ ಮರಿಯನ್ನು ಹೊಟ್ಟೆಯ ಚೀಲದಲ್ಲಿ ಹೊರುವಂತೆ ಇದು. ಆದುದರಿಂದ ಕಾಂಗರೂ ಆರೈಕೆ ಎಂದು ಹೆಸರಾಯಿತು. ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಸರಕಾರದ ಜೊತೆಗೂಡಿ, ಎರಡು ಕಿಲೋಗಿಂತ ಕಡಿಮೆ ತೂಕದ ಕೂಸುಗಳಿಗೆ ಆಸ್ಪತ್ರೆಯಿಂದ ಮನೆಯವರೆಗೂ ಈ ಆರೈಕೆ ಸಿಗುವಂತೆ ಮಾಡುವುದು ಹೇಗೆಂದು ಅಭ್ಯಾಸ ಮಾಡಿದರು. ಇಥಿಯೋಪಿಯಾ ಮತ್ತು ಭಾರತದ ಇತರ ಪ್ರದೇಶಗಳೊಡನೆ ಸೇರಿಸಿ ಅದರ ವರದಿ ೨೦೨೧ರಲ್ಲಿ ಹೊರಬಂದಿತು. ಎದೆಹಾಲು ಮಾತ್ರ ಉಣಿಸುತ್ತ ದಿನಕ್ಕೆ ಎಂಟು ತಾಸು ಎದೆಗೆ ಕಟ್ಟಿಕೊಳ್ಳುವ ಕ್ರಮವನ್ನು ಅಂಥ ಕೂಸುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಮುಟ್ಟಿಸಬಹುದೆಂದು ಅದು ತೋರಿಸಿತು.

ಅದೇ ವರ್ಷ ಮತ್ತೊಂದು ವರದಿ ಬಂದಿತು. ಭಾರತವೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ಒಂದು ಕಿಲೋದಿಂದ ೧.೮ ಕಿಲೋದೊಳಗಿನ ೩,೨೧೧ ಕೂಸುಗಳ ಪರೀಕ್ಷೆಯದು. ಕೂಸು ಚೇತರಿಸಿಕೊಳ್ಳಲೆಂದು ಕಾಯದೆ ಹುಟ್ಟಿದೊಡನೆ ತಾಯಿಯ ಎದೆಗೆ ಕೊಟ್ಟಾಗ, ಮೊದಲ ೨೮ ದಿನಗಳ ಮರಣ ನೂರಕ್ಕೆ ೧೫.೭ರಿಂದ ೧೨ಕ್ಕೆ ಇಳಿಯಿತು. ಲಾಭ ಇಷ್ಟು ಸ್ಪಷ್ಟವಾಗಿರುವಾಗ ಇನ್ನೊಂದು ಗುಂಪಿನ ಕೂಸುಗಳಿಗೆ ಅದನ್ನು ತಪ್ಪಿಸುವುದು ನ್ಯಾಯವಲ್ಲವೆಂದು, ಮೇಲ್ವಿಚಾರಣೆಯ ಸಮಿತಿಯ ಸಲಹೆಯಂತೆ ಆ ಪರೀಕ್ಷೆಯನ್ನು ಅವಧಿಗೆ ಮುನ್ನವೇ ನಿಲ್ಲಿಸಿದರು. ಸಂಶೋಧನೆಗೂ ಧರ್ಮವೊಂದಿದೆ ಎಂಬುದಕ್ಕೆ ಇದು ಸಾಕ್ಷಿ.

ಈಗ ರೋಣದ ಆ ತಾಯಿಯ ಪ್ರಶ್ನೆಗೆ ಉತ್ತರ. ತಾಯಿ, ಪ್ರಯೋಗವೆಂಬುದು ನಿಜ. ಆದರೆ ಕೂಸಿನ ಮೇಲೆ ಲೆಕ್ಕವಿಲ್ಲದೆ, ಕೇಳುವವರಿಲ್ಲದೆ ಪ್ರಯೋಗ ನಡೆಯುವುದು ನಮ್ಮ ಮನೆಗಳಲ್ಲಿಯೇ. ಹೊಟ್ಟೆ ಉಬ್ಬಿತೆಂದು ಎಳೆಗೂಸಿಗೆ ಬರೆ ಹಾಕುವುದು ಪ್ರಯೋಗ. ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಿ ಜೇನುತುಪ್ಪವನ್ನೋ ಬೆಲ್ಲದ ನೀರನ್ನೋ ನೆಕ್ಕಿಸುವುದು ಪ್ರಯೋಗ. ಹುಟ್ಟಿದ ಗಳಿಗೆಯಲ್ಲಿಯೇ ನೀರೆರೆದು ಮೈ ತಣ್ಣಗಾಗಿಸುವುದೂ ಪ್ರಯೋಗವೇ. ಉಳಿದ ಕೂಸನ್ನು ತೋರಿಸಿ ‘ಬರೆ ಹಾಕಿದ್ದರಿಂದ ಉಳೀತು’ ಎನ್ನುತ್ತೇವೆ. ಹೋದ ಕೂಸನ್ನು ಎಣಿಸುವುದಿಲ್ಲ. ಕಾಗೆಯನ್ನು ನೋಡಿದೆವು, ಹಣ್ಣನ್ನು ನೋಡಿದೆವು, ವ್ಯತಿರೇಕವನ್ನು ನೋಡಲಿಲ್ಲ.

ಇದರ ಅರ್ಥ ಆಸ್ಪತ್ರೆಯವರು ಕೊಟ್ಟ ಕಾಗದಕ್ಕೆಲ್ಲ ಕಣ್ಣು ಮುಚ್ಚಿ ಹೆಬ್ಬೆಟ್ಟು ಒತ್ತಬೇಕೆಂದಲ್ಲ. ನಮ್ಮ ದೇಶದಲ್ಲಿ ಔಷಧಗಳ ಪರೀಕ್ಷೆಗಳನ್ನು ಸಾರ್ವಜನಿಕ ದಾಖಲೆಯಲ್ಲಿ ನೋಂದಾಯಿಸುವ ವ್ಯವಸ್ಥೆ ೨೦೦೭ರಲ್ಲಿ ಆರಂಭವಾಯಿತು. ೨೦೦೯ರಿಂದ ಅದು ಕಡ್ಡಾಯವಾಗಿದೆ. ಹೊಸ ಔಷಧಗಳ ಪರೀಕ್ಷೆಗೆ ೨೦೧೯ರ ನಿಯಮಗಳೂ ಇವೆ. ಕೂಸಿನ ಪರವಾಗಿ ತಂದೆತಾಯಿಗಳ ಒಪ್ಪಿಗೆ ಬೇಕು. ಓದುಬರಹ ಬಾರದವರಿಗೆ ವಿವರಿಸುವಾಗ ನಿಷ್ಪಕ್ಷಪಾತಿಯಾದ ಸಾಕ್ಷಿಯೊಬ್ಬರು ಆದಿಯಿಂದ ಅಂತ್ಯದವರೆಗೆ ಎದುರಿನಲ್ಲಿರಬೇಕು. ಆದುದರಿಂದ ಯಾರಾದರೂ ಕೇಳಿ ಬಂದರೆ ಸಂಕೋಚಪಡದೆ ವಿಚಾರಿಸಿರಿ: ಇದರಿಂದ ಏನು ತಿಳಿಯಬೇಕೆಂದಿದ್ದೀರಿ? ನಮ್ಮ ಕೂಸಿಗೆ ಏನು ಕೊಡುತ್ತೀರಿ, ಏನನ್ನು ತಪ್ಪಿಸುತ್ತೀರಿ? ತೊಂದರೆಯಾದರೆ ನೋಡಿಕೊಳ್ಳುವವರು ಯಾರು? ನೀತಿ ಸಮಿತಿಯ ಒಪ್ಪಿಗೆ ದೊರೆತಿದೆಯೇ? ನಡುವೆ ಬೇಡವೆಂದರೆ ಎಂದಿನ ಚಿಕಿತ್ಸೆ ನಿಲ್ಲುವುದಿಲ್ಲವಷ್ಟೆ? ನೆಟ್ಟಗೆ ಉತ್ತರಿಸುವವರಿಗೆ ಒಪ್ಪಿಗೆ ಕೊಡುವುದು ದಾಸೋಹವೇ ಸರಿ, ಏಕೆಂದರೆ ಅದರ ಫಲ ನಾವು ಕಾಣದ ಕೂಸುಗಳಿಗೂ ಮುಟ್ಟುತ್ತದೆ. ಉತ್ತರಿಸದವರಿಗೆ ‘ಬೇಡ’ ಎನ್ನುವುದೂ ಧರ್ಮವೇ.

ಉಳಿದಂತೆ, ಈಗಾಗಲೇ ಪರೀಕ್ಷೆಯಲ್ಲಿ ಗೆದ್ದುಬಂದ ಅರಿವನ್ನು ನಮ್ಮ ಮನೆಗಳಲ್ಲಿ ಆಚರಿಸೋಣ. ಮೊದಲ ಗಂಟೆಯೊಳಗೆ ತಾಯಿಯ ಹಾಲು. ಆರು ತಿಂಗಳವರೆಗೆ ಅದೊಂದೇ. ಮೊದಲ ದಿನ ನೀರೆರೆಯುವುದು ಬೇಡ. ಸಣ್ಣ ಕೂಸಾದರೆ ಎದೆಗೆ ಕಟ್ಟಿಕೊಳ್ಳುವುದು. ತಾಯಿ ದಣಿದಾಗ ತಂದೆಯೂ ಅಜ್ಜಿಯೂ ಕಟ್ಟಿಕೊಳ್ಳಬಹುದು. ಆಶಾ ಕಾರ್ಯಕರ್ತೆ ೩, ೭, ೧೪, ೨೧, ೨೮, ೪೨ನೆಯ ದಿನಗಳಲ್ಲಿ ಮನೆಗೆ ಬಂದಾಗ ಬಾಣಂತಿಯ ಕೋಣೆಯ ಬಾಗಿಲಲ್ಲಿಯೇ ಮಾತಾಡಿಸಿ ಕಳುಹಿಸದೆ ಒಳಗೆ ಕರೆದು ಕೂಸನ್ನು ತೂಗಿಸಬೇಕು. ಮನೆಗೇ ಹೋಗಿ ಕೂಸನ್ನು ನೋಡುವ ಈ ಕ್ರಮ ಸಹ ಮಹಾರಾಷ್ಟ್ರದ ಗಡಚಿರೋಲಿಯ ಹಳ್ಳಿಗಳಲ್ಲಿ ಡಾ. ಅಭಯ ಬಂಗ ಮತ್ತು ಡಾ. ರಾಣಿ ಬಂಗ ದಂಪತಿಗಳು ಪರೀಕ್ಷಿಸಿ ೧೯೯೯ರಲ್ಲಿ ಪ್ರಕಟಿಸಿದ ಸಂಶೋಧನೆಯಿಂದ ಬೆಳೆದು ಬಂದುದು. ಕೂಸು ಹಾಲು ಕುಡಿಯದಿದ್ದರೆ, ಮೈ ತಣ್ಣಗಾದರೆ ಅಥವಾ ಸುಟ್ಟರೆ, ಎದೆಗೂಡು ಒಳಗೆ ಸೆಳೆಯುವಂತೆ ಉಸಿರಾಡಿದರೆ, ಅಂಗೈ ಅಂಗಾಲು ಹಳದಿಯಾದರೆ, ಮೈ ಸೆಟೆದರೆ, ಪಂಚಾಂಗ ನೋಡುತ್ತ ಕೂಡಬೇಡಿರಿ. ೧೦೮ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಿರಿ.

ಕೊನೆಯದಾಗಿ ಒಂದು ವಿನಂತಿ. ಹೆಸರಿಡುವ ಮುನ್ನ ಹೋದ ಕೂಸು ನಿಮ್ಮ ಮನೆಯಲ್ಲಿದ್ದರೆ ಅದನ್ನು ಮುಚ್ಚಿಡಬೇಡಿರಿ. ಆಶಾ ಕಾರ್ಯಕರ್ತೆಗೆ ತಿಳಿಸಿರಿ. ಹುಟ್ಟು ಸಾವುಗಳೆರಡನ್ನೂ ಬರೆಯಿಸಿರಿ. ‘ಎಷ್ಟು ಮಕ್ಕಳು?’ ಎಂದು ಕೇಳಿದವರಿಗೆ ತಾಯಿ ಅದನ್ನೂ ಸೇರಿಸಿ ಹೇಳಲಿ; ಅತ್ತೆಯೂ ಗಂಡನೂ ಅವಳ ಬಾಯಿ ಮುಚ್ಚಿಸದಿರಲಿ. ಆ ಎಣಿಕೆಯಿಂದಲೇ ಇನ್ನೊಂದು ತೊಟ್ಟಿಲು ತೂಗುವ ದಿನ ಬರುತ್ತದೆ.