ಬಣ್ಣವಿಲ್ಲದ ದೈವಶಾಸ್ತ್ರ ಯಾರದು?

'ದೈವಶಾಸ್ತ್ರಕ್ಕೂ ಚರ್ಮದ ಬಣ್ಣವುಂಟೇ?' ಎಂದು ಕಪ್ಪುವರ್ಣೀಯ ವಿದ್ವಾಂಸರ ಗ್ರಂಥಗಳನ್ನು ಬದಿಗೆ ಸರಿಸುವವರಿದ್ದಾರೆ. ಅಮೆರಿಕದ ಜೇಮ್ಸ್ ಕೋನ್ 2011ರಲ್ಲಿ ಪ್ರಕಟಿಸಿದ 'ದಿ ಕ್ರಾಸ್ ಅಂಡ್ ದಿ ಲಿಂಚಿಂಗ್ ಟ್ರೀ' ಕೃತಿಯನ್ನು ಅವರು ಓದಲಿ. ಕಪ್ಪುವರ್ಣೀಯರನ್ನು ಮರಕ್ಕೆ ನೇತುಹಾಕಿ ಕೊಂದ ಗುಂಪುಗಳಲ್ಲಿ ದೇವಾಲಯಕ್ಕೆ ಹೋಗುವ ಕ್ರೈಸ್ತರೂ ಇದ್ದರು. ಆ ಮರದಲ್ಲಿ ಶಿಲುಬೆಯನ್ನು ಕಾಣಲು ರೈನ್‌ಹೋಲ್ಡ್ ನೀಬರ್‌ರಂಥ ಮೇಧಾವಿಗೂ ಆಗಲಿಲ್ಲವೆಂಬುದು ಕೋನ್‌ರ ಆರೋಪ. ಇದು ಹೊಸ ಬೋಧನೆಯೇ? ಯೇಸುಸ್ವಾಮಿಯನ್ನು ಮರಕ್ಕೆ ತೂಗುಹಾಕಿ ಕೊಂದರೆಂದು ಸಾರಿದವರು ಸಂತ ಪೇತ್ರರೇ (ಪ್ರೇ.ಕಾ. 10:39). ಕೋನ್ ತಮ್ಮದನ್ನು ಕಪ್ಪುಜನರ ದೈವಶಾಸ್ತ್ರವೆಂದೇ ಕರೆದರು, ನಿಜ. ಅವರು ತಮ್ಮ ಬಣ್ಣವನ್ನು ಮರೆಮಾಚಲಿಲ್ಲ; ಮರೆಮಾಚಿದವರು ಬಿಳಿಯರ ಚಿಂತನೆಯನ್ನೇ ಸರ್ವರ ಚಿಂತನೆಯೆಂದು ಕಲಿಸಿದವರು. ಪ್ರಿಯರೇ, ಶುಭ ಶುಕ್ರವಾರದಂದು ಶಿಲುಬೆಗೆ ಮುತ್ತಿಡುವ ನಾವು, ಮರಕ್ಕೆ ತೂಗಿದವರ ಮಕ್ಕಳು ಬರೆದುದನ್ನು ಓದಲೊಲ್ಲೆವೆಂದರೆ, ಅದು ಎಂಥ ಭಕ್ತಿ?